ಟಿಪ್‌ಮನ್ 98 ಕಸ್ಟಮ್ ಮಾರ್ಕರ್: ಸೋರಿಕೆ, ಓ-ರಿಂಗ್ ಮತ್ತು ಎಣ್ಣೆಯ ಲೆಕ್ಕದಲ್ಲಿ

ಮೂರು ವರ್ಷದ ಹಿಂದೆ ಷಿಕಾಗೋದ ಹೊರವಲಯದಲ್ಲಿ ಮನೆ ಬದಲಿಸುತ್ತಿದ್ದವರೊಬ್ಬರ ಗ್ಯಾರೇಜಿನಿಂದ 60 ಡಾಲರಿಗೆ ಒಂದು ಹಳೆಯ ಟಿಪ್‌ಮನ್ 98 ಕಸ್ಟಮ್ ಪೇಂಟ್‌ಬಾಲ್ ಮಾರ್ಕರ್, ಅಂದರೆ ಪೇಂಟ್‌ಬಾಲ್ ಆಟದಲ್ಲಿ ಗಾಳಿಯ ಒತ್ತಡದಿಂದ ಬಣ್ಣದ ಗುಂಡು ಹಾರಿಸುವ ಸಲಕರಣೆ, ಕೊಂಡೆ. ಹಲವು ವರ್ಷ ಎಣ್ಣೆಯ ಮುಖ ಕಾಣದೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಅದನ್ನು ಮನೆಗೆ ತಂದು ಗಾಳಿಯ ಸಿಲಿಂಡರ್ ತಿರುಗಿಸಿ ಕೂರಿಸಿದ ಕೂಡಲೇ ಗಾಳಿ ಮೂರು ಕಡೆಯಿಂದ ಸೋರತೊಡಗಿತು: ಸಿಲಿಂಡರಿನ ಬಾಯಿಯ ಬಳಿ ಜೋರಾಗಿ, ಮೆದುಗೊಳವೆಯ ತುದಿಯಲ್ಲಿ ಸಣ್ಣಗೆ, ಬ್ಯಾರೆಲ್ಲಿನ ಒಳಗಿನಿಂದ ಒಂದೇ ಸಮನೆ. ಈ ಮೂರನ್ನೂ ನಾನು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು, ಒಂದು ಕಟ್ಟು ಅಲೆನ್ ಕೀ, ಕೆಲವು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಮತ್ತು ಒಂದು ಸಣ್ಣ ಶೀಶೆ ಎಣ್ಣೆಯಿಂದ ಸರಿಪಡಿಸಿದೆ. ಆ ಬಳಿಕ ಮೂರು ಬೇಸಿಗೆ ಅದರಲ್ಲಿ ಆಡಿದ್ದೇನೆ. ಗುರಿ, ವೇಗ, ನೋಟ ಮುಂತಾದವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ಒಂದು ಮಾರ್ಕರ್ ಸೋರಿದಾಗ ಅದರ ಒಡೆಯ ತಾನೇ ಕಾರಣ ಹುಡುಕಿ ಗುಣಪಡಿಸಲು ಅದು ಎಷ್ಟು ಅವಕಾಶ ಕೊಡುತ್ತದೆ ಎಂಬ ಒಂದೇ ದೃಷ್ಟಿಯಿಂದ ನಾನು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಹಳೆಯ ಮಾರ್ಕರ್ ಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಗುಣ ಬೇರೊಂದಿಲ್ಲ.

ಟಿಪ್‌ಮನ್ ಕಂಪನಿ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಊರಿನದು. 1986ರಲ್ಲಿ ಪೇಂಟ್‌ಬಾಲ್ ಮಾರ್ಕರುಗಳ ಕೆಲಸಕ್ಕೆ ಇಳಿಯಿತು. 98 ಎಂಬ ಮಾದರಿ ಅದರ ಹೆಸರೇ ಹೇಳುವಂತೆ 1998ರದು, ಕಸ್ಟಮ್ ಎಂಬುದು ಅದರ ನಂತರದ ರೂಪ. ಆಟ ಅದಕ್ಕಿಂತ ಹಳೆಯದು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಹೆನಿಕರ್ ಎಂಬಲ್ಲಿ ಕಾಡಿನಲ್ಲಿ ಹನ್ನೆರಡು ಮಂದಿ ಆಡಿದ ಮೊದಲ ಆಟಕ್ಕೆ ಬಳಸಿದ್ದು ಮರಗಳಿಗೂ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲು ಮಾಡಿದ ಸಲಕರಣೆಯನ್ನು. ಗನ್ ಎನ್ನುವ ಬದಲು ಮಾರ್ಕರ್ ಎನ್ನುವ ರೂಢಿಗೆ ಈ ಮೂಲವೂ ಹೊಂದುತ್ತದೆ.

ಸೋರಿಕೆಯನ್ನು ಹುಡುಕಬೇಕಾದರೆ ಗಾಳಿ ಹೋಗುವ ದಾರಿ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು, ಮತ್ತು 98ರಲ್ಲಿ ಈ ದಾರಿ ಬಹಳ ಸರಳವಾಗಿದೆ. ಸಿಲಿಂಡರಿನಿಂದ ಹೊರಟ ಗಾಳಿ (ಒತ್ತಿದ ಗಾಳಿ ಇಲ್ಲವೇ ಕಾರ್ಬನ್ ಡೈಆಕ್ಸೈಡ್) ಹಿಡಿಯ ಕೆಳಗಿನ ಅಡಾಪ್ಟರ್ ದಾಟಿ, ಉಕ್ಕಿನ ಹೆಣಿಗೆಯ ಮೆದುಗೊಳವೆಯಲ್ಲಿ ಮೇಲೇರಿ, ಮಾರ್ಕರಿನ ನಡುವೆ ಇರುವ ವಾಲ್ವನ್ನು ಸೇರಿ ಅಲ್ಲಿ ಕಾಯುತ್ತದೆ. ವಾಲ್ವಿನ ಹಿಂದೆ ತೂಕದ ಉಕ್ಕಿನ ಬೋಲ್ಟ್ ಒಂದಿದೆ, ಮುಂದೆ ಗುಂಡನ್ನು ತಳ್ಳುವ ಹಗುರ ಬೋಲ್ಟ್ ಒಂದಿದೆ. ಎರಡನ್ನೂ ಒಂದು ಕಡ್ಡಿ ಜೋಡಿಸುತ್ತದೆ. ಟ್ರಿಗರ್ ಎಳೆದಾಗ ಸಿಯರ್ ಎಂಬ ಕೊಕ್ಕೆಯಿಂದ ಬಿಡುಗಡೆಯಾದ ಹಿಂದಿನ ಬೋಲ್ಟ್ ಸ್ಪ್ರಿಂಗಿನ ಬಲದಿಂದ ಮುನ್ನುಗ್ಗಿ, ಮುಂದಿನ ಬೋಲ್ಟಿನಿಂದ ಗುಂಡನ್ನು ಬ್ಯಾರೆಲ್ಲಿಗೆ ಸೇರಿಸಿ, ವಾಲ್ವಿನ ಕಡ್ಡಿಗೆ ಬಡಿಯುತ್ತದೆ. ಕ್ಷಣಮಾತ್ರ ತೆರೆದ ವಾಲ್ವಿನಿಂದ ಹೊರಟ ಗಾಳಿಯ ಒಂದು ಪಾಲು ಗುಂಡನ್ನು ಮುಂದಕ್ಕೆ ಎಸೆಯುತ್ತದೆ, ಇನ್ನೊಂದು ಪಾಲು ಹಿಂದಿನ ಬೋಲ್ಟನ್ನು ಹಿಂದಕ್ಕೆ ಒದ್ದು ಮತ್ತೆ ಸಿಯರ್‌ಗೆ ಸಿಕ್ಕಿಸುತ್ತದೆ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಗಾಳಿಯನ್ನು ತಡೆದು ನಿಲ್ಲಿಸುವ ಜಾಗಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಸೋರುವ ಜಾಗಗಳೂ ಅಷ್ಟೇ.

ಮೊದಲನೆಯ ಸೋರಿಕೆ ಸಿಲಿಂಡರಿನ ಬಾಯಿಯದು. ಅಲ್ಲಿ ಒಂದು ಸಣ್ಣ ಓ-ರಿಂಗ್ ಇರುತ್ತದೆ. ಅದರ ಅಳತೆಯ ಸಂಖ್ಯೆ 015. ಒಳವ್ಯಾಸ 14 ಮಿಲಿಮೀಟರ್, ದಪ್ಪ 1.78 ಮಿಲಿಮೀಟರ್. ಈ ಅಳತೆ ಒಂದು ಕಂಪನಿಗೆ ಸೇರಿದ್ದಲ್ಲ. ಹೆಚ್ಚಿನ ಪೇಂಟ್‌ಬಾಲ್ ಸಿಲಿಂಡರುಗಳಿಗೆ ಒಂದೇ ಅಳತೆ ಇರುವುದರಿಂದ ಕೈಗಾರಿಕಾ ಸಾಮಾನಿನ ಅಂಗಡಿಯಲ್ಲೂ ಅದು ಸಿಗುತ್ತದೆ. ನನ್ನ ಸಿಲಿಂಡರಿನಲ್ಲಿದ್ದ ರಿಂಗನ್ನು ಕಿತ್ತು ಬೆರಳುಗಳ ನಡುವೆ ಉರುಳಿಸಿ ನೋಡಿದಾಗ ಅದರ ಒಂದು ಮೈ ಚಪ್ಪಟೆಯಾಗಿತ್ತು, ಒಂದು ಕಡೆ ಉಗುರಿನಿಂದ ಗೀರಿದಷ್ಟು ಬಿರುಕಿತ್ತು. ಹಳೆಯ ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾಗಿ ಆಕಾರ ಕಳೆದುಕೊಂಡಾಗ ಮುಚ್ಚಳದ ಸುತ್ತಲಿಂದ ಹಬೆ ಹೊರಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓ-ರಿಂಗಿಗೆ ಒಂದು ವಿಶೇಷವಿದೆ: ಗಾಳಿಯ ಒತ್ತಡವೇ ಅದನ್ನು ಅದು ಕೂರುವ ತೋಡಿನ ಗೋಡೆಗೆ ಒತ್ತಿ ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಆದ್ದರಿಂದಲೇ ಅಷ್ಟು ಸಣ್ಣ ರಬ್ಬರ್ ಬಳೆ ಅಷ್ಟು ದೊಡ್ಡ ಒತ್ತಡವನ್ನು ತಡೆಯಬಲ್ಲದು. ಆದ್ದರಿಂದಲೇ ಅದರ ಮೈಮೇಲಿನ ಸಣ್ಣ ಗೀರು ಕೂಡ ಆ ಒತ್ತಡಕ್ಕೆ ದಾರಿ ಬಿಟ್ಟುಕೊಡುತ್ತದೆ.

ರಿಂಗಿನ ವಸ್ತುವಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಾನು ಕಂಡಂತೆ ಹೊಸಬರ ಅರ್ಧಕ್ಕೂ ಹೆಚ್ಚು ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಸಾಮಾನ್ಯ ಕಪ್ಪು ನೈಟ್ರೈಲ್ ರಬ್ಬರಿನ ರಿಂಗ್ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಒತ್ತಡದಲ್ಲಿ ಮೈಯೊಳಗೆ ಹೀರಿಕೊಳ್ಳುತ್ತದೆ. ಸಿಲಿಂಡರ್ ಬಿಚ್ಚಿದಾಗ ಒತ್ತಡ ಒಮ್ಮೆಲೇ ಇಳಿದು, ಒಳಗಿದ್ದ ಅನಿಲ ಹಿಗ್ಗಿ, ರಿಂಗ್ ಊದಿಕೊಳ್ಳುತ್ತದೆ. ತೋಡಿನಿಂದ ಹೊರಗೆ ಬಂದ ಅದನ್ನು ಮತ್ತೆ ಸಿಲಿಂಡರ್ ತಿರುಗಿಸುವಾಗ ಲೋಹದ ಅಂಚು ಕತ್ತರಿಸುತ್ತದೆ. ಪಾಲಿಯುರೆಥೇನ್ ರಿಂಗುಗಳು ಇದನ್ನು ಬಹಳ ಚೆನ್ನಾಗಿ ತಡೆದುಕೊಳ್ಳುತ್ತವೆ. ನಾನು ಹಾಕಿದ ಮೊದಲ ಕಪ್ಪು ರಿಂಗ್ ಎರಡನೆಯ ಆಟಕ್ಕೇ ಹರಿಯಿತು; ಅದಾದ ಮೇಲೆ ಹಾಕಿದ ಪಾಲಿಯುರೆಥೇನ್ ರಿಂಗ್ ಒಂದು ಇಡೀ ಬೇಸಿಗೆ ಬಾಳಿತು. ಗಟ್ಟಿತನದ ಅಳತೆಯಲ್ಲಿ 70 ಮತ್ತು 90 ಎರಡೂ ಸಿಗುತ್ತವೆ. ಸಿಲಿಂಡರಿನ ಬಾಯಿಗೆ 90 ಹೆಚ್ಚು ಬಾಳಿಕೆ ಬರುತ್ತದೆ ಎಂಬುದು ನನ್ನ ಅನುಭವ. ಹಳೆಯ ರಿಂಗನ್ನು ತೆಗೆಯಲು ಸೂಜಿ ಅಥವಾ ಸ್ಕ್ರೂ ಡ್ರೈವರ್ ಬಳಸಬಾರದು, ಏಕೆಂದರೆ ತೋಡಿನ ಲೋಹಕ್ಕೆ ಗೀರು ಬಿದ್ದರೆ ಯಾವ ಹೊಸ ರಿಂಗೂ ಅದನ್ನು ಮುಚ್ಚಲಾರದು. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಇದಕ್ಕೆ ಬಹಳ ಅನುಕೂಲ; ನಮ್ಮ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ.

ಎರಡನೆಯ ಸೋರಿಕೆ ಮೆದುಗೊಳವೆಯ ತುದಿಯದು, ಮತ್ತು ಅದು ಕಿವಿಗೆ ಕೇಳಿಸದಷ್ಟು ಸಣ್ಣದಾಗಿತ್ತು. ಊರಿನಲ್ಲಿ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗಕ್ಕೆ ಬೆರಳಿಡುತ್ತಾರೆ. ಮಾರ್ಕರನ್ನು ನೀರಿನಲ್ಲಿ ಮುಳುಗಿಸುವಂತಿಲ್ಲವಾದ್ದರಿಂದ ಪಾತ್ರೆ ತೊಳೆಯುವ ಸೋಪಿನ ನೀರನ್ನು ಹಳೆಯ ಬಣ್ಣದ ಕುಂಚದಿಂದ ಪ್ರತಿ ಜೋಡಣೆಗೂ ಹಚ್ಚಿದೆ. ಅಡುಗೆ ಅನಿಲದ ಸಿಲಿಂಡರ್ ಬದಲಿಸಿದ ಮೇಲೆ ರೆಗ್ಯುಲೇಟರಿನ ಸುತ್ತ ನೊರೆ ಹಚ್ಚಿ ನೋಡುವ ಅಭ್ಯಾಸವಿರುವವರಿಗೆ ಇದು ಹೊಸದೇನಲ್ಲ. ಗುಳ್ಳೆ ಎದ್ದದ್ದು ಮೆದುಗೊಳವೆ ಅಡಾಪ್ಟರನ್ನು ಸೇರುವ ತಿರುಪಿನ ಮರೆಯಲ್ಲಿ (ಥ್ರೆಡ್). ಬಿಚ್ಚಿ ನೋಡಿದರೆ ಹಿಂದಿನವರು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಅಲ್ಲಿ ಸುತ್ತಿದ್ದರು, ಮತ್ತು ಅದರ ಎಳೆಗಳು ಹರಿದು ಒಳಗೆ ಹೋಗಿದ್ದವು. ಇಂಥ ಎಳೆಯೊಂದು ಗಾಳಿಯೊಂದಿಗೆ ಸಾಗಿ ವಾಲ್ವಿನ ಸೀಲಿನ ಮೇಲೆ ಕುಳಿತರೆ ಸಣ್ಣ ಸೋರಿಕೆ ಹೋಗಿ ದೊಡ್ಡ ಸೋರಿಕೆ ಬರುತ್ತದೆ. ಮರೆಯನ್ನು ಚೆನ್ನಾಗಿ ಒರೆಸಿ, ದ್ರವ ರೂಪದ ಥ್ರೆಡ್ ಸೀಲೆಂಟನ್ನು ಮೊದಲ ಒಂದೆರಡು ಸುತ್ತು ಬಿಟ್ಟು ಉಳಿದ ಭಾಗಕ್ಕೆ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟೆ. ಆ ಜೋಡಣೆಯನ್ನು ಮತ್ತೆ ಮುಟ್ಟಬೇಕಾಗಿ ಬಂದಿಲ್ಲ.

ಮೂರನೆಯದಕ್ಕೆ ಹೆಚ್ಚು ತಾಳ್ಮೆ ಬೇಕಾಯಿತು. ಬ್ಯಾರೆಲ್ಲಿನಿಂದ ಗಾಳಿ ಬರುತ್ತಿದೆ ಎಂದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಆದರೆ ಏಕೆ ಮುಚ್ಚಿಕೊಳ್ಳುತ್ತಿಲ್ಲ ಎಂಬುದಕ್ಕೆ ಎರಡು ಉತ್ತರಗಳಿವೆ. ಮಾರ್ಕರನ್ನು ಕಾಕ್ ಮಾಡದೆ, ಅಂದರೆ ಹಿಂದಿನ ಬೋಲ್ಟನ್ನು ಹಿಂದಕ್ಕೆಳೆದು ಸಿಯರ್‌ಗೆ ಸಿಕ್ಕಿಸದೆ, ಸಿಲಿಂಡರ್ ಹಾಕಿದರೆ ಹಿಂದಿನ ಬೋಲ್ಟ್ ಸ್ಪ್ರಿಂಗಿನ ಬಲದಿಂದ ವಾಲ್ವಿನ ಕಡ್ಡಿಯ ಮೇಲೆ ಒರಗಿಕೊಂಡಿರುತ್ತದೆ. ಒತ್ತಡ ಇನ್ನೂ ತುಂಬಿರದ ವಾಲ್ವು ಆ ಒರಗುವಿಕೆಗೆ ಬಾಯಿ ಬಿಟ್ಟು ಗಾಳಿಯನ್ನು ಹೊರಗೆ ಬಿಡುತ್ತದೆ. ಇದು ಸೋರಿಕೆಯೇ ಅಲ್ಲ. ಸೇಫ್ಟಿ ಹಾಕಿ, ಹಿಂದಿನ ಬೋಲ್ಟನ್ನು ಹಿಂದಕ್ಕೆಳೆದು ಸಿಯರ್‌ಗೆ ಸಿಕ್ಕಿಸಿ, ಆಮೇಲೆ ಸಿಲಿಂಡರ್ ತಿರುಗಿಸಿದರೆ ಸದ್ದು ನಿಲ್ಲುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಒಳ್ಳೆಯ ವಾಲ್ವನ್ನು ಕಿತ್ತೆಸೆದವರನ್ನು ನಾನು ಕಂಡಿದ್ದೇನೆ. ಹಳೆಯ ಮಾರ್ಕರ್ ಸೋರುತ್ತದೆಂದು ಅಗ್ಗಕ್ಕೆ ಮಾರುವವರಲ್ಲಿ ಕೆಲವರ ತೊಂದರೆ ಇಷ್ಟೇ ಇರಬಹುದು. ಕಾಕ್ ಮಾಡಿದ ಮೇಲೂ ಸೋರಿದರೆ ಮಾತ್ರ ತಪ್ಪು ವಾಲ್ವಿನೊಳಗಿನ ಕಪ್ ಸೀಲಿನದು. ನನ್ನದು ಈ ಎರಡನೆಯ ಗುಂಪಿಗೆ ಸೇರಿತ್ತು. ಸೀಲಿನ ಮುಖದಲ್ಲಿ ಕಸ ಕುಳಿತಿರಬಹುದೆಂಬ ಆಸೆಯಿಂದ ಅಡಾಪ್ಟರಿನಲ್ಲಿ ಎಣ್ಣೆ ಬಿಟ್ಟು ಇಪ್ಪತ್ತು ಸಲ ಗುಂಡಿಲ್ಲದೆ ಹಾರಿಸಿದೆ. ಸೋರಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. ಟೇಪಿನ ಎಳೆಯೋ, ಒಣಗಿದ ವರ್ಷಗಳೋ, ಸೀಲಿನ ಮುಖವನ್ನು ಕೆಡಿಸಿದ್ದವು. ಕೊನೆಗೆ ಇಡೀ ವಾಲ್ವನ್ನೇ ಬದಲಿಸಿದೆ. ಸೀಲೊಂದನ್ನೇ ಬದಲಿಸಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು; ಆದರೆ ವಾಲ್ವು ಬಿಚ್ಚುವಾಗ ಅದರ ಮೈಗೆ ಪೆಟ್ಟು ಬಿದ್ದರೆ ಎರಡೂ ಹೋಗುತ್ತವೆಂಬ ಎಚ್ಚರದಿಂದ ಹಾಗೆ ಮಾಡಿದೆ, ಮತ್ತು ಹೊಸಬರಿಗೆ ಇಂದಿಗೂ ಅದನ್ನೇ ಹೇಳುತ್ತೇನೆ.

ವಾಲ್ವು ತಲುಪಲು ಮಾರ್ಕರನ್ನು ಬಿಚ್ಚಲೇಬೇಕು, ಮತ್ತು 98 ಕಸ್ಟಮ್‌ನ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಇದರ ಹೊರಮೈ ಹಲಸಿನ ಬೀಜದ ಎರಡು ಹೋಳುಗಳಂತೆ ಉದ್ದಕ್ಕೆ ಸೀಳಿದ ಎರಡು ಅಲ್ಯೂಮಿನಿಯಂ ಭಾಗಗಳು. ಅಲೆನ್ ಸ್ಕ್ರೂಗಳನ್ನೆಲ್ಲ ತೆಗೆದು ಒಂದು ಹೋಳನ್ನು ಎತ್ತಿದಾಗ ಒಳಗಿನ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಅದೇ ಕ್ಷಣದಲ್ಲಿ ಟ್ರಿಗರಿನ ಸ್ಪ್ರಿಂಗ್, ಸಿಯರಿನ ಸ್ಪ್ರಿಂಗ್, ಗುಂಡು ಜಾರದಂತೆ ತಡೆಯುವ ಸಣ್ಣ ಲ್ಯಾಚ್ ಎಲ್ಲವೂ ತಮ್ಮ ಜಾಗ ಬಿಟ್ಟು ಏಳಲು ತಯಾರಾಗಿರುತ್ತವೆ. ಎತ್ತುವ ಮೊದಲು ಮಾರ್ಕರನ್ನು ಮೇಜಿನ ಮೇಲೆ ಮಟ್ಟವಾಗಿ ಮಲಗಿಸಿ, ಮೇಲಿನ ಹೋಳನ್ನು ಅಲುಗಿಸದೆ ನೇರವಾಗಿ ಎತ್ತಿ, ಕೂಡಲೇ ಫೋನಿನಲ್ಲಿ ಎರಡು ಫೋಟೋ ತೆಗೆದುಕೊಳ್ಳುವುದು ಅವಶ್ಯ. ಮೊದಲ ಸಲ ನನಗೆ ಮತ್ತೆ ಜೋಡಿಸಲು ಎರಡು ಗಂಟೆ ಹಿಡಿಯಿತು, ಈಗ ಇಪ್ಪತ್ತು ನಿಮಿಷ ಸಾಕು. ಹಾಗಿದ್ದರೂ ಒಂದು ಓ-ರಿಂಗಿಗಾಗಿ ಇಡೀ ಮೈಯನ್ನು ಎರಡು ಮಾಡಬೇಕಾದ್ದು ಈ ವಿನ್ಯಾಸದ ಕೊರತೆಯೇ ಹೌದು. ಸ್ಪೂಲ್ ವಾಲ್ವ್ (ಬಡಿಯುವ ಬೋಲ್ಟಿನ ಬದಲು ಕೊಳವೆಯೊಳಗೆ ಜಾರುವ ಬೋಲ್ಟ್) ಇರುವ ಈಚಿನ ಮಾರ್ಕರುಗಳಲ್ಲಿ ಹಿಂದಿನಿಂದ ಬೋಲ್ಟನ್ನು ಎಳೆದು ತೆಗೆಯುವ ಅನುಕೂಲವಿರುತ್ತದೆ, ಮತ್ತು ಅದನ್ನು ಒಮ್ಮೆ ಕಂಡವರಿಗೆ 98 ಹಳೆಯದೆನಿಸುತ್ತದೆ.

ಬಿಚ್ಚಿದ ಮೇಲೆ ಹಿಂದಿನ ಬೋಲ್ಟಿನ ತುದಿಯಲ್ಲಿರುವ ಓ-ರಿಂಗನ್ನು ನೋಡದೆ ಮುಚ್ಚಬಾರದು. ಅದು ಕೆಟ್ಟಾಗ ಸೋರುವ ಸದ್ದು ಕೇಳಿಸುವುದಿಲ್ಲ. ಲಕ್ಷಣ ಬೇರೆ ರೀತಿಯದು. ಬೋಲ್ಟನ್ನು ಹಿಂದಕ್ಕೆ ಒದೆಯಬೇಕಾದ ಗಾಳಿ ರಿಂಗಿನ ಪಕ್ಕದಿಂದ ನುಸುಳಿ ಹೋಗುವುದರಿಂದ ಬೋಲ್ಟ್ ಸಿಯರ್ ತನಕ ತಲುಪದೆ ಮಧ್ಯದಿಂದಲೇ ಮರಳುತ್ತದೆ. ಆಗ ಒಂದೋ ಮಾರ್ಕರ್ ಪ್ರತಿ ಗುಂಡಿಗೂ ಕೈಯಿಂದ ಕಾಕ್ ಮಾಡಬೇಕೆಂದು ಕೇಳುತ್ತದೆ, ಇಲ್ಲವೇ ಒಮ್ಮೆ ಟ್ರಿಗರ್ ಎಳೆದರೆ ತಡತಡನೆ ಹಲವು ಸಲ ಬಡಿದು ನಿಲ್ಲುತ್ತದೆ. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಾಗಲೂ ಇದೇ ಲಕ್ಷಣ ಕಾಣುವುದರಿಂದ ಮೊದಲು ತುಂಬಿದ ಸಿಲಿಂಡರ್ ಹಾಕಿ ನೋಡಿ, ಆಮೇಲೆ ರಿಂಗನ್ನು ಅನುಮಾನಿಸಬೇಕು. ಈ ಬೋಲ್ಟನ್ನು ವಿಡಿಯೋ ಕರೆಯಲ್ಲಿ ತುಮಕೂರಿನಲ್ಲಿರುವ ನನ್ನ ತಂದೆಗೆ ತೋರಿಸಿದಾಗ ಅವರು ಕೂಡಲೇ, "ಇದು ನಮ್ಮ ಪಂಪ್ ಸ್ಟೌವಿನ ವಾಷರ್ ಇದ್ದ ಹಾಗೇ ಇದೆಯಲ್ಲಪ್ಪ, ಒಣಗಿದರೆ ಗಾಳಿ ಹಿಡಿಯೋದಿಲ್ಲ, ಎಣ್ಣೆ ಬಿಡು" ಎಂದರು. ಸೀಮೆಎಣ್ಣೆಯ ಸ್ಟೌವಿನ ಪಂಪಿನೊಳಗಿನ ಚರ್ಮದ ಬಟ್ಟಲು ಒಣಗಿ ಸುಕ್ಕಾದಾಗ ಕೊಬ್ಬರಿ ಎಣ್ಣೆಯ ಎರಡು ಹನಿ ಬಿಟ್ಟು ಮೆತ್ತಗೆ ಮಾಡುತ್ತಿದ್ದವರು ಅವರು. ವಸ್ತು ಬೇರೆಯಾದರೂ ಕೆಲಸ ಅದೇ, ಮದ್ದೂ ಬಹುತೇಕ ಅದೇ. ಆದರೆ ಎಣ್ಣೆ ಯಾವುದು ಎಂಬಲ್ಲಿ ಮಾತ್ರ ಊರಿನ ಅನುಭವವನ್ನು ಹಾಗೆಯೇ ತರುವಂತಿಲ್ಲ.

ನಾನು ಮೊದಲು ಹೋದ ಕ್ರೀಡಾ ಸಾಮಗ್ರಿಯ ಅಂಗಡಿಯೊಂದರಲ್ಲಿ ಬಾಗಿಲ ಕೀಲಿಗೂ ತುಕ್ಕಿಗೂ ಹೊಡೆಯುವ ಡಬ್ಬಿಯ ಸ್ಪ್ರೇ ಸಾಕು ಎಂದರು. ಆ ಸಲಹೆ ತಪ್ಪು. ಅಂಥ ಸ್ಪ್ರೇಗಳಲ್ಲಿರುವ ದ್ರಾವಕ ಮೊದಲಿದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ, ತಾನು ಆರಿಹೋದ ಮೇಲೆ ಉಳಿಯುವುದು ಬಹಳ ತೆಳುವಾದ ಪದರ ಮಾತ್ರ, ಮತ್ತು ಕೆಲವು ಬಗೆಯ ರಬ್ಬರನ್ನು ಅದು ಊದಿಸುವುದೂ ಉಂಟು. 98ಕ್ಕೆ ಬೇಕಾದದ್ದು ಏರ್ ಟೂಲ್‌ಗಳಿಗೆ ಹಾಕುವಂಥ ತೆಳ್ಳನೆಯ ಎಣ್ಣೆ. ಪೇಂಟ್‌ಬಾಲ್ ಮಾರ್ಕರಿಗೆಂದೇ ಮಾರುವ ಸಣ್ಣ ಶೀಶೆ ಎಲ್ಲ ಕಡೆ ಸಿಗುತ್ತದೆ, ಒಂದು ಶೀಶೆ ನನಗೆ ಮೂರು ವರ್ಷವಾದರೂ ಮುಗಿದಿಲ್ಲ. ಹಾಕುವ ಕ್ರಮದಲ್ಲಿಯೇ ಈ ಮಾರ್ಕರಿನ ಸೊಗಸು ಇದೆ. ಸಿಲಿಂಡರ್ ಬಿಚ್ಚಿ, ಮಾರ್ಕರನ್ನು ತಲೆಕೆಳಗು ಹಿಡಿದು, ಅಡಾಪ್ಟರಿನ ಬಾಯಿಗೆ ನಾಲ್ಕೈದು ಹನಿ ಬಿಟ್ಟು, ಸಿಲಿಂಡರ್ ಮತ್ತೆ ಹಾಕಿ, ಗುಂಡು ತುಂಬದೆ ಹತ್ತು ಹದಿನೈದು ಸಲ ಹಾರಿಸಿದರೆ ಗಾಳಿಯೇ ಎಣ್ಣೆಯನ್ನು ಹೊತ್ತು ಮೆದುಗೊಳವೆ, ವಾಲ್ವು, ಕಪ್ ಸೀಲು, ಹಿಂದಿನ ಬೋಲ್ಟಿನ ರಿಂಗು ಎಲ್ಲಕ್ಕೂ ತಲುಪಿಸುತ್ತದೆ. ಏನನ್ನೂ ಬಿಚ್ಚಬೇಕಾಗಿಲ್ಲ. ಪ್ರತಿ ಆಟದ ದಿನದ ಬೆಳಿಗ್ಗೆ ಒಮ್ಮೆ, ಚಳಿಗಾಲಕ್ಕೆ ಪೆಟ್ಟಿಗೆಗೆ ಸೇರಿಸುವ ಮೊದಲು ಒಮ್ಮೆ ಹೀಗೆ ಮಾಡುತ್ತೇನೆ. ಎರಡನೆಯದನ್ನು ಜನ ಮರೆಯುತ್ತಾರೆ. ಆದರೆ ಸೀಲುಗಳು ಒಣಗುವುದು ಆಡುವಾಗಲ್ಲ, ಆಡದೆ ಇಟ್ಟ ತಿಂಗಳುಗಳಲ್ಲಿ. ಆಮೇಲೆ ಬ್ಯಾರೆಲ್ಲನ್ನು ಒಣಬಟ್ಟೆಯಿಂದ ಒರೆಸಬೇಕು, ಏಕೆಂದರೆ ಎಣ್ಣೆ ಮೆತ್ತಿದ ಬ್ಯಾರೆಲ್ಲಿನಲ್ಲಿ ಗುಂಡು ನೇರವಾಗಿ ಹೋಗುವುದಿಲ್ಲ.

ಗ್ರೀಸಿನ ಬಗ್ಗೆ ಕೇಳುವವರು ಬಹಳ. ನನ್ನ ಗೆಳೆಯರೊಬ್ಬರ ಬಳಿ ಮ್ಯಾಂಚೆಸ್ಟರಿನ ಪ್ಲಾನೆಟ್ ಎಕ್ಲಿಪ್ಸ್ ಕಂಪನಿಯ ಎಮೆಕ್ ಇದೆ. ಅದು ಸ್ಪೂಲ್ ವಾಲ್ವ್ ಮಾರ್ಕರ್. ಅದರೊಳಗೆ ಬಡಿಯುವ ಸುತ್ತಿಗೆಯಿಲ್ಲ, ರಿಂಗುಗಳನ್ನು ತೊಟ್ಟ ಬೋಲ್ಟ್ ಕೊಳವೆಯೊಳಗೆ ಜಾರುತ್ತದೆ. ಅಂಥ ಜಾರಿಕೆಗೆ ಎಣ್ಣೆ ನಿಲ್ಲುವುದಿಲ್ಲ, ಮೆತ್ತನೆಯ ಗ್ರೀಸೇ ಬೇಕು. ಕಂಪನಿ ತನ್ನದೇ ಗ್ರೀಸ್ ಕೊಡುತ್ತದೆ, ಮತ್ತು ಸ್ಪೂಲ್ ಮಾರ್ಕರುಗಳವರು ಬಹುಕಾಲದಿಂದ ನಂಬಿರುವ ಇನ್ನೊಂದು ಹೆಸರು ಮೋಲಿಕೋಟ್ 33, ಆಟಗಾರರ ಬಾಯಲ್ಲಿ ಡೌ 33. ಅದು ಸಿಲಿಕೋನ್ ಆಧಾರದ, ಕೊರೆಯುವ ಚಳಿಯಲ್ಲೂ ಗಟ್ಟಿಯಾಗದ ಗ್ರೀಸ್. ಅದರ ಗುಣ ಕೇಳಿ ನಾನೂ ಒಮ್ಮೆ ಸಾಮಾನ್ಯ ದಪ್ಪ ಗ್ರೀಸನ್ನು 98ರ ಹಿಂದಿನ ಬೋಲ್ಟಿಗೆ ಹಚ್ಚಿ ನೋಡಿದೆ. ಅಕ್ಟೋಬರಿನ ಚಳಿಯಲ್ಲಿ ಬೋಲ್ಟ್ ಮಂದವಾಗಿ, ಸಿಯರ್ ತಲುಪದೆ, ಮೂರು ಗುಂಡಿಗೊಮ್ಮೆ ಕೈಯಿಂದ ಎಳೆಯಬೇಕಾಯಿತು. ಸೀಲು ಹೊಸದೇ ಆಗಿತ್ತು, ತಪ್ಪು ಗ್ರೀಸಿನದು. ಹೊಡೆದು ಹಿಂದೆ ಚಿಮ್ಮುವ ಮಾರ್ಕರಿಗೆ ಎಣ್ಣೆ, ಜಾರುವ ಮಾರ್ಕರಿಗೆ ಗ್ರೀಸ್ ಎಂದು ಅಂದಿನಿಂದ ಪಾಲಿಸುತ್ತಿದ್ದೇನೆ. 98ರಲ್ಲಿ ಹೊಸ ಸಿಲಿಂಡರ್ ರಿಂಗನ್ನು ಕೂರಿಸುವಾಗ ಸಹ ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿಸಿದರೆ ಸಾಕು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟು ಒತ್ತಿದ ಗಾಳಿಯ ಸಿಲಿಂಡರ್ ಬಳಸುವವರು ಅದರ ಗಾಳಿ ತುಂಬುವ ನಿಪ್ಪಲ್ಲಿಗಾಗಲಿ, ರೆಗ್ಯುಲೇಟರಿನೊಳಕ್ಕಾಗಲಿ ಒಂದು ಹನಿ ಎಣ್ಣೆಯನ್ನೂ ಬಿಡಬಾರದು. ಆ ಸಿಲಿಂಡರುಗಳಲ್ಲಿ ಚದರ ಅಂಗುಲಕ್ಕೆ 3000 ಅಥವಾ 4500 ಪೌಂಡ್ ಒತ್ತಡದ ಗಾಳಿ ಇರುತ್ತದೆ. ವೇಗವಾಗಿ ತುಂಬುವಾಗ ಗಾಳಿ ಬಿಸಿಯಾಗುತ್ತದೆ, ಗಾಳಿಯಲ್ಲಿ ಆಮ್ಲಜನಕವಿದೆ, ಎಣ್ಣೆ ಸೇರಿದರೆ ಹೊತ್ತಿಕೊಳ್ಳಲು ಬೇಕಾದ ಮೂರೂ ಒಂದೆಡೆ ಕೂಡುತ್ತವೆ. ಡೀಸೆಲ್ ಎಂಜಿನ್ನು ಓಡುವುದೇ ಈ ತತ್ತ್ವದ ಮೇಲೆ. ಎಣ್ಣೆ ಹಾಕಬೇಕಾದದ್ದು ರೆಗ್ಯುಲೇಟರ್ ದಾಟಿದ ಮೇಲೆ ಬರುವ ಅಡಾಪ್ಟರಿಗೆ ಮಾತ್ರ.

ಎರಡು ಅನಿಲಗಳಲ್ಲಿ ಯಾವುದು ಸೀಲುಗಳಿಗೆ ಒಳ್ಳೆಯದು ಎಂದರೆ ನನ್ನ ಉತ್ತರ ನಿಸ್ಸಂಶಯವಾಗಿ ಒತ್ತಿದ ಗಾಳಿ. 98 ಎರಡರಲ್ಲೂ ಓಡುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡಿನ ಒತ್ತಡ ಹವೆಯನ್ನು ಅನುಸರಿಸುತ್ತದೆ: 21 ಡಿಗ್ರಿ ಸೆಲ್ಷಿಯಸ್‌ನಲ್ಲಿ ಸುಮಾರು 850 ಪೌಂಡ್ ಇರುವುದು ಸೊನ್ನೆ ಡಿಗ್ರಿಯಲ್ಲಿ ಸುಮಾರು 500ಕ್ಕೆ ಇಳಿಯುತ್ತದೆ. ಬೇಗ ಬೇಗ ಹಾರಿಸಿದರೆ ಸಿಲಿಂಡರ್ ತಾನಾಗಿಯೇ ತಣ್ಣಗಾಗಿ, ಕೆಲವೊಮ್ಮೆ ದ್ರವವೇ ಮಾರ್ಕರಿನೊಳಗೆ ಬಂದು ರಿಂಗುಗಳನ್ನು ಮರಗಟ್ಟಿಸುತ್ತದೆ. ಒತ್ತಿದ ಗಾಳಿಗೆ ಬದಲಾದ ಮೇಲೆ ನನ್ನ ಸಿಲಿಂಡರ್ ರಿಂಗನ್ನು ಒಮ್ಮೆ ಮಾತ್ರ ಬದಲಿಸಿದ್ದೇನೆ. ಸಿಲಿಂಡರಿಗೆ ಹೆಚ್ಚು ಹಣ ಕೊಡಬೇಕು, ಪರೀಕ್ಷೆಯ ಅವಧಿಯನ್ನು ಪಾಲಿಸಬೇಕು ಎಂಬುದು ನಿಜ. ಆದರೂ ಕೊಟ್ಟ ಹಣಕ್ಕೆ ಬೆಲೆ ಸಿಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ಇನ್ನೂ ಒಂದು ಮಾತು. ಸಿಲಿಂಡರ್ ಬಿಚ್ಚುವಾಗ ಮಾರ್ಕರಿನ ಮರೆ ಬಿಚ್ಚಿಕೊಳ್ಳುವ ಬದಲು ಸಿಲಿಂಡರಿನ ತಲೆಯ ಹಿತ್ತಾಳೆ ವಾಲ್ವೇ ಬಾಟಲಿಯಿಂದ ಬಿಚ್ಚಿಕೊಳ್ಳತೊಡಗಿದರೆ ಒಳಗಿನ ಒತ್ತಡಕ್ಕೆ ಬಾಟಲಿ ರಾಕೆಟ್ಟಿನಂತೆ ಹಾರುತ್ತದೆ. ಅಮೆರಿಕದಲ್ಲಿ ಹೀಗೆ ಪ್ರಾಣ ಹೋದದ್ದುಂಟು. ಬಾಟಲಿಯ ಕತ್ತಿನಿಂದ ವಾಲ್ವಿನ ಮೈಗೆ ಅಡ್ಡಲಾಗಿ ಉಗುರುಬಣ್ಣದಿಂದ ಒಂದು ಗೆರೆ ಎಳೆದಿಟ್ಟರೆ ತಿರುಗಿಸುವಾಗ ಆ ಗೆರೆ ಮುರಿಯುತ್ತದೆಯೇ ಎಂದು ನೋಡಬಹುದು. ಮುರಿದರೆ ಕೈ ಅಲ್ಲಿಯೇ ನಿಲ್ಲಿಸಿ ತಿಳಿದವರ ಬಳಿ ಒಯ್ಯಬೇಕು. ಸೋರಿಕೆ ಹುಡುಕುವ ಕೆಲಸದಲ್ಲಿ ಸಿಲಿಂಡರನ್ನು ಹತ್ತಾರು ಸಲ ಹಾಕಿ ತೆಗೆಯಬೇಕಾಗುವುದರಿಂದ ಈ ಗೆರೆಯಿಲ್ಲದೆ ನಾನು ಕೆಲಸ ಶುರುಮಾಡುವುದೇ ಇಲ್ಲ. ಕಣ್ಣಿಗೆ ಗಾಗಲ್, ಬ್ಯಾರೆಲ್ಲಿಗೆ ಚೀಲ, ಮತ್ತು ಬಿಚ್ಚುವ ಮುನ್ನ ಒಳಗೆ ಉಳಿದ ಗಾಳಿಯನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡುವುದು ಇವುಗಳಿಗೂ ವಿನಾಯಿತಿಯಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಬೆಂಗಳೂರಿನ ಹೊರವಲಯದ ಮೈದಾನವೊಂದರಲ್ಲಿ ಸೋದರರೊಂದಿಗೆ ಬಾಡಿಗೆ ಮಾರ್ಕರ್ ಹಿಡಿದು ಆಡಿದೆ. ಅಲ್ಲಿಯೂ ಇದೇ ಬಗೆಯ, ಹೊಡೆದು ಹಿಂದೆ ಚಿಮ್ಮುವ ಮಾರ್ಕರುಗಳಿದ್ದವು, ಮತ್ತು ನನ್ನ ಕೈಗೆ ಬಂದದ್ದು ಎರಡು ಗುಂಡಿಗೊಮ್ಮೆ ನಿಲ್ಲುತ್ತಿತ್ತು. ನೋಡಿಕೊಳ್ಳುತ್ತಿದ್ದ ಹುಡುಗ ಅದನ್ನು ಬದಿಗಿಟ್ಟು ಬೇರೆ ಕೊಟ್ಟ. ಆ ಕೆಂಪು ಮಣ್ಣಿನ ಧೂಳು ಎಣ್ಣೆಯೊಂದಿಗೆ ಬೆರೆತರೆ ರಿಂಗುಗಳನ್ನು ಉಪ್ಪುಕಾಗದದಂತೆ ಸವೆಸುತ್ತದೆ. ಅಂಥ ಕಡೆ ಎಣ್ಣೆ ಹೆಚ್ಚು ಹಾಕುವುದು ಪರಿಹಾರವಲ್ಲ. ವಾರಕ್ಕೊಮ್ಮೆ ಹಿಂದಿನ ಬೋಲ್ಟನ್ನು ತೆಗೆದು, ಹಳೆಯ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಹೊಸ ಎಣ್ಣೆಯನ್ನು ಕಡಿಮೆ ಹಾಕುವುದೇ ಸರಿ. ದಿನವೂ ಹತ್ತಾರು ಜನರ ಕೈಗೆ ಹೋಗುವ ಮಾರ್ಕರಿಗೆ ಇಷ್ಟು ಮಾಡಿದರೆ ಬದಿಗಿಟ್ಟವು ಮತ್ತೆ ಮೈದಾನಕ್ಕೆ ಬರುತ್ತವೆ.

ಇನ್ನುಳಿದ ಗುಣದೋಷಗಳನ್ನು ಬೇಗ ಹೇಳುತ್ತೇನೆ. ಸಿಲಿಂಡರ್ ಇಲ್ಲದೆ ಸುಮಾರು 1.3 ಕಿಲೋ ತೂಗುವ ಇದು ಹಗುರವಲ್ಲ. ಹಿಂದಿನ ಬೋಲ್ಟಿನ ಬಡಿತ ಕೈಗೆ ತಿಳಿಯುತ್ತದೆ. ಗಾಳಿಯನ್ನು ಸ್ಪೂಲ್ ಮಾರ್ಕರುಗಳಿಗಿಂತ ಹೆಚ್ಚು ಕುಡಿಯುತ್ತದೆ. ಸೀಲು ಬದಲಿಸಿದ ಮೇಲೆ ವೇಗ ಏರುವುದುಂಟು, ಆದ್ದರಿಂದ ಪ್ರತಿ ಸಲ ಕ್ರೋನೋಗ್ರಾಫಿನಲ್ಲಿ ಅಳೆದು ಸೆಕೆಂಡಿಗೆ 300 ಅಡಿಗಿಂತ ಕೆಳಗೆ ಇಳಿಸಿಕೊಳ್ಳಬೇಕು. ಹೊಸ ಮಾರ್ಕರಿಗೆ ಖರ್ಚು ಮಾಡಬಲ್ಲವರು, ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ ಇಲ್ಲದವರು ಎಮೆಕ್‌ನಂಥದನ್ನು ಕೊಳ್ಳುವುದೇ ಲೇಸು. ತಮ್ಮ ಕೈಯಲ್ಲಿರುವ ಯಂತ್ರ ಏನು ಮಾಡುತ್ತಿದೆ ಎಂದು ತಿಳಿಯುವ ಇಷ್ಟವಿರುವವರಿಗೆ, ಬಿಡಿಭಾಗಗಳು ಸುಲಭವಾಗಿ ಸಿಗಬೇಕೆನ್ನುವವರಿಗೆ, ಮಕ್ಕಳೊಂದಿಗೆ ಕೂತು ಸ್ಕ್ರೂ ಬಿಚ್ಚಿ ಕಲಿಸಬೇಕೆನ್ನುವವರಿಗೆ ಹಳೆಯ 98 ಕಸ್ಟಮ್ ಅನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ.

ಹಳೆಯದನ್ನು ನೋಡಲು ಹೋಗುವಾಗ ಒಂದು 015 ಪಾಲಿಯುರೆಥೇನ್ ರಿಂಗ್, ತುಂಬಿದ ಸಿಲಿಂಡರ್, ಸೋಪಿನ ನೀರಿನ ಸಣ್ಣ ಬಾಟಲಿ ಜೊತೆಗಿರಲಿ. ಗುಂಡಿನ ಡಬ್ಬಿ ತೆಗೆಸಿ, ಸೇಫ್ಟಿ ಹಾಕಿಸಿ, ಕಾಕ್ ಮಾಡಿಸಿದ ಮೇಲೆ ಸಿಲಿಂಡರ್ ಹಾಕಿ, ಪಕ್ಕದಲ್ಲಿ ನಿಂತು ಬ್ಯಾರೆಲ್ಲಿನ ಬಾಯಿಗೆ ಕಡ್ಡಿಗೆ ಕಟ್ಟಿದ ಟಿಶ್ಯೂ ಕಾಗದದ ಚೂರೊಂದನ್ನು ಹಿಡಿಯಬೇಕು. ಕಾಗದ ಅಲುಗದಿದ್ದರೆ ವಾಲ್ವು ಚೆನ್ನಾಗಿದೆ. ಉಳಿದ ಸೋರಿಕೆಗಳು ಹೆಚ್ಚು ಖರ್ಚಿನ ಕೆಲಸವಲ್ಲ. ಅಲುಗಿದರೆ ಹೊಸ ವಾಲ್ವಿನ ಬೆಲೆಯನ್ನು ಕಳೆದು ಬೆಲೆ ಮಾತಾಡಬೇಕು.